‘ವೇಕ್‌ಫೀಲ್ಡ್’ ಕಥೆಯ ಗಂಡ ಪಕ್ಕದ ಬೀದಿಯಲ್ಲೇ ಇಪ್ಪತ್ತು ವರ್ಷ ಉಳಿದದ್ದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನಲ್ಲಿ ಏಳೆಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಮಾತಾಡಿಕೊಳ್ಳುವ ರೂಢಿ ಇಟ್ಟುಕೊಂಡಿದ್ದೇವೆ. ಮುಂದಿನ ತಿಂಗಳಿಗೆ ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ 1835ರಲ್ಲಿ ಪ್ರಕಟಿಸಿದ ‘ವೇಕ್‌ಫೀಲ್ಡ್’ ಎಂಬ ಸಣ್ಣಕಥೆಯನ್ನು ಆರಿಸಿದ್ದೇವೆ. ಇಂಗ್ಲಿಷ್ ಓದಲಾಗದವರೂ ಗುಂಪಿನಲ್ಲಿ ಇರುವುದರಿಂದ ಅದನ್ನು ಕನ್ನಡದಲ್ಲಿ ಹೇಳುವ ಹೊಣೆ ನನ್ನ ಪಾಲಿಗೆ ಬಂದಿದೆ. ಮೂರು ಸಲ ಓದಿದೆ. ನಡೆದದ್ದೇನೆಂಬುದು ತಿಳಿಯಿತು, ಏಕೆ ನಡೆಯಿತೆಂಬುದು ಮಾತ್ರ ಕೈಗೆ ಸಿಗುತ್ತಿಲ್ಲ.

ಓದದವರಿಗಾಗಿ ಕಥೆಯ ಎಳೆಯನ್ನು ಹೇಳುತ್ತೇನೆ. ಲಂಡನ್ನಿನಲ್ಲಿ, ಮದುವೆಯಾಗಿ ಹತ್ತು ವರ್ಷ ಕಳೆದ ವೇಕ್‌ಫೀಲ್ಡ್ ಎಂಬ ನಡುವಯಸ್ಸಿನ ಗೃಹಸ್ಥನು ಅಕ್ಟೋಬರ್ ತಿಂಗಳ ಒಂದು ಮುಸ್ಸಂಜೆ, ಎಣ್ಣೆಬಟ್ಟೆ ಹೊದಿಸಿದ ಟೋಪಿ ಇಟ್ಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಣ್ಣ ಪೆಟ್ಟಿಗೆ ಹಿಡಿದು, ರಾತ್ರಿಯ ಗಾಡಿಗೆ ಹಳ್ಳಿಯ ಕಡೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಡುತ್ತಾನೆ. ಮೂರು ನಾಲ್ಕು ದಿನ ತಡವಾದರೆ ಗಾಬರಿಯಾಗಬೇಡ, ಶುಕ್ರವಾರ ರಾತ್ರಿಯ ಊಟಕ್ಕೆ ನನ್ನನ್ನು ಎದುರುನೋಡು ಎನ್ನುತ್ತಾನೆ. ಮುಚ್ಚಿದ ಬಾಗಿಲನ್ನು ಮತ್ತೆ ಸ್ವಲ್ಪ ತೆರೆದು, ಸಂದಿಯಿಂದ ಅವಳತ್ತ ನೋಡಿ ನಕ್ಕು, ಮರೆಯಾಗುತ್ತಾನೆ. ಹೋದದ್ದು ಹಳ್ಳಿಗಲ್ಲ, ಒಂದಿಷ್ಟು ಸುತ್ತಿ ಬಳಸಿ, ಪಕ್ಕದ ಬೀದಿಯಲ್ಲಿ ಮೊದಲೇ ಗೊತ್ತುಮಾಡಿದ್ದ ಬಾಡಿಗೆಯ ಕೋಣೆಗೆ. ತನ್ನ ಮನೆಯನ್ನು ದಿನವೂ, ಹೆಂಡತಿಯನ್ನು ಆಗಾಗ ನೋಡುತ್ತ ಅಲ್ಲಿಯೇ ಇಪ್ಪತ್ತು ವರ್ಷ ಕಳೆಯುತ್ತಾನೆ. ಜನ ಅವನು ಸತ್ತನೆಂದು ಒಪ್ಪಿಕೊಂಡು, ಆಸ್ತಿಯೂ ಇತ್ಯರ್ಥವಾಗಿ, ಹೆಸರೂ ಮರೆತುಹೋದ ಮೇಲೆ, ಒಂದು ಸಂಜೆ, ಬೆಳಿಗ್ಗೆ ಹೋಗಿ ಸಂಜೆ ಬಂದವನಂತೆ, ತನ್ನ ಮನೆಯ ಬಾಗಿಲಿನಿಂದ ಒಳಗೆ ಹೋಗುತ್ತಾನೆ.

ಗಂಡಹೆಂಡಿರ ನಡುವೆ ಜಗಳವಿಲ್ಲ, ಸಾಲಸೋಲವಿಲ್ಲ, ಇನ್ನೊಬ್ಬ ಹೆಣ್ಣಿನ ಸುಳಿವಿಲ್ಲ. ಮನೆ ಬೇಡವಾಗಿದ್ದರೆ ಪಕ್ಕದ ಬೀದಿಯಲ್ಲಿ ಏಕೆ ಉಳಿದ? ಬೇಕಾಗಿದ್ದರೆ ಇಪ್ಪತ್ತು ವರ್ಷ ಏಕೆ ಹೋಗಲಿಲ್ಲ? ಕಥೆಯನ್ನು ಬಾಯಿಮಾತಿನಲ್ಲಿ ಕೇಳಿದ ನಮ್ಮ ಗುಂಪಿನ ಹಿರಿಯರೊಬ್ಬರು ‘ಅವನಿಗೆ ವೈರಾಗ್ಯ ಬಂದಿರಬೇಕು’ ಎಂದರು. ಮನೆ ಬಿಟ್ಟವನೆಂದರೆ ನಮ್ಮ ಮನಸ್ಸು ಸಿದ್ಧಾರ್ಥನ ಕಡೆಗೋ ಅಕ್ಕಮಹಾದೇವಿಯ ಕಡೆಗೋ ತಾನಾಗಿ ಹೊರಳುತ್ತದೆ. ಆ ದಾರಿಯಲ್ಲಿ ಈ ಕಥೆಯನ್ನು ಅರ್ಥಮಾಡಿಕೊಳ್ಳಬಹುದೇ? ಕೊನೆಯಲ್ಲಿ ಲೇಖಕನು ಹೇಳುವ ನೀತಿ ಕಥೆಗೆ ಹೊಂದುತ್ತದೆಯೇ ಎಂಬುದೂ ನನಗೆ ಸಂದೇಹ. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಒಳ್ಳೆಯ ಕಥೆಯನ್ನು ಆರಿಸಿದ್ದೀರಿ ಮೇಡಂ. ಬಹಳ ವರ್ಷ ಇದನ್ನು ಪದವಿ ತರಗತಿಗೆ ಪಾಠ ಮಾಡಿದವನು ನಾನು. ನೀವು ಕೇಳಿದ ಪ್ರಶ್ನೆಯನ್ನೇ ಪ್ರತಿ ವರ್ಷವೂ ವಿದ್ಯಾರ್ಥಿಗಳು ಕೇಳುತ್ತಿದ್ದರು. ಮೊದಮೊದಲು ಏನಾದರೊಂದು ಕಾರಣ ಹುಡುಕಿ ಕೊಡುತ್ತಿದ್ದೆ. ಆಮೇಲಾಮೇಲೆ ಆ ಪ್ರಶ್ನೆಯಲ್ಲೇ ಒಂದು ತೊಡಕು ಕಾಣಿಸತೊಡಗಿತು. ‘ಇಪ್ಪತ್ತು ವರ್ಷ ಮನೆ ಬಿಟ್ಟಿರಲು ಅವನು ಏಕೆ ನಿರ್ಧರಿಸಿದ’ ಎಂದು ನಾವು ಕೇಳುತ್ತೇವೆ. ಕಥೆಯಲ್ಲಿ ಅಂಥ ನಿರ್ಧಾರವೇ ಇಲ್ಲ. ಹೊರಡುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಒಂದು ವಾರದ ಮಾತು, ಅದೂ ಅರೆಮನಸ್ಸಿನ ಮಾತು. ಮುಂದೇನು ಕಾದಿದೆ ಎಂಬ ಗುಮಾನಿ ಅವನಿಗೂ ಇರಲಿಲ್ಲವೆಂದು ನಿರೂಪಕನು ಬಿಡಿಸಿ ಹೇಳುತ್ತಾನೆ. ತಾನಿಲ್ಲದೆ ಹೆಂಡತಿ ಹೇಗಿರುತ್ತಾಳೆ, ತಾನಿದ್ದ ಜಾಗ ಎಷ್ಟು ಖಾಲಿಯಾಗಿ ಕಾಣುತ್ತದೆ ಎಂದು ನೋಡುವ ಒಂದು ಬಗೆಯ ಬಡಾಯಿಯ ಕುತೂಹಲ, ಅಷ್ಟೇ.

ಮೊದಲ ರಾತ್ರಿಯ ಸನ್ನಿವೇಶವನ್ನು ನಿಮ್ಮ ಗುಂಪಿನಲ್ಲಿ ನಿಧಾನವಾಗಿ ಓದಿ. ಬಾಡಿಗೆ ಕೋಣೆಯ ಹಾಸಿಗೆಯಲ್ಲಿ ಅವನು ನಿದ್ದೆಗಣ್ಣಿನಲ್ಲಿ ಕೈ ಚಾಚುತ್ತಾನೆ. ಪಕ್ಕ ಯಾರೂ ಇಲ್ಲ. ಇನ್ನೊಂದು ರಾತ್ರಿ ಒಬ್ಬನೇ ಮಲಗುವುದಿಲ್ಲ ಎಂದುಕೊಳ್ಳುತ್ತಾನೆ. ಮರುದಿನ ಮನೆಯ ಹತ್ತಿರದ ಸಮಾಚಾರ ತಿಳಿಯಬೇಕೆಂದು ಹೊರಬಿದ್ದವನನ್ನು ಹತ್ತು ವರ್ಷದ ಅಭ್ಯಾಸವೇ ಕೈಹಿಡಿದು ನಡೆಸಿಕೊಂಡು ಹೋಗಿ ಅವನ ಮನೆಯ ಮೆಟ್ಟಿಲಿನ ಮುಂದೆ ನಿಲ್ಲಿಸುತ್ತದೆ. ಅಷ್ಟರಲ್ಲಿ ಅವನ ಪಾದ ಮೆಟ್ಟಿಲಿಗೆ ಉಜ್ಜಿ ಸದ್ದಾಗುತ್ತದೆ. ಆ ಸದ್ದಿಗೆ ಎಚ್ಚೆತ್ತು, ಕಳ್ಳನಂತೆ ಓಡುತ್ತಾನೆ. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡುತ್ತಾನೆ, ಒಂದೇ ರಾತ್ರಿಯಲ್ಲಿ ಆ ಮನೆ ಬೇರೆಯಾಗಿ ಕಾಣುತ್ತದೆ. ಇಡೀ ಕಥೆಯ ತಿರುಗಣೆ ಆ ಪಾದದ ಸದ್ದಿನಲ್ಲಿದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಕಾಲು ಮನೆಗೆ ಹೊರಟಿತ್ತು, ತಡೆದದ್ದು ತಲೆ. ಅಭ್ಯಾಸದ ಬಲದಿಂದ ಒಳಗೆ ಹೋಗಿಬಿಟ್ಟಿದ್ದರೆ ಕಥೆ ಎರಡನೆಯ ದಿನಕ್ಕೇ ಮುಗಿಯುತ್ತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಒಂದೊಂದೇ ಹೆಜ್ಜೆ. ಕೆಂಚುಗೂದಲಿನ ಟೋಪನ್, ಅಂದರೆ ಕೃತಕ ಕೂದಲು, ಕೊಳ್ಳುತ್ತಾನೆ, ತಾನು ಎಂದೂ ತೊಡದ ಬಗೆಯ ಹಳೆಯ ಬಟ್ಟೆಗಳನ್ನು ಕೊಳ್ಳುತ್ತಾನೆ. ಮೂರನೆಯ ವಾರದಲ್ಲಿ ಹೆಂಡತಿ ಹಾಸಿಗೆ ಹಿಡಿದು, ಮನೆಯೊಳಗೆ ಔಷಧಿಯವನು ಹೋಗುವುದನ್ನು, ಮರುದಿನ ಬಾಗಿಲು ತಟ್ಟುವ ಗುಂಡಿಗೆ ಸದ್ದಾಗದಂತೆ ಬಟ್ಟೆ ಸುತ್ತಿರುವುದನ್ನು, ಸಂಜೆ ವೈದ್ಯನ ಗಾಡಿ ಬಂದು ನಿಲ್ಲುವುದನ್ನು ಅವನು ದೂರದಿಂದಲೇ ನೋಡುತ್ತಾನೆ. ಇಂಥ ಸಮಯದಲ್ಲಿ ಅವಳಿಗೆ ತೊಂದರೆ ಕೊಡಬಾರದು ಎಂದು ತನಗೆ ತಾನೇ ನೆಪ ಹೇಳಿಕೊಳ್ಳುತ್ತಾನೆ. ಅವಳು ಚೇತರಿಸಿಕೊಂಡ ಮೇಲೆ ಹೋಗಲು ಅಡ್ಡಿಯೇನಿದೆ? ‘ಪಕ್ಕದ ಬೀದಿಯಲ್ಲೇ ಇದೆಯಲ್ಲ’ ಎನ್ನುತ್ತಾನೆ. ನಿರೂಪಕನು ಸಿಟ್ಟಿಗೆದ್ದು ‘ಮೂರ್ಖ, ಅದು ಬೇರೆ ಲೋಕದಲ್ಲಿದೆ’ ಎಂದು ಕೂಗುತ್ತಾನೆ. ನಾಳೆಯಲ್ಲ, ಬರುವ ವಾರ ಇದ್ದೀತು, ಆದಷ್ಟು ಬೇಗ. ಇವು ಅವನ ಮಾತುಗಳು. ಹೀಗೆ ಒಂದು ನಾಳೆಗೆ ಇನ್ನೊಂದು ನಾಳೆ ಸೇರಿ ಇಪ್ಪತ್ತು ವರ್ಷವಾಯಿತೇ ಹೊರತು, ಇಪ್ಪತ್ತು ವರ್ಷದ ತೀರ್ಮಾನವೆಂಬುದು ಎಲ್ಲಿಯೂ ಇಲ್ಲ.

ನಮ್ಮಲ್ಲಿ ಒಂದು ಕಾಲಕ್ಕೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಬಾಗಿಲಿಗೆ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ವೇಕ್‌ಫೀಲ್ಡನು ತನ್ನ ಮನೆಯ ಬಾಗಿಲ ಮೇಲೆ ತನಗಾಗಿ ತಾನೇ ಆ ಎರಡು ಪದ ಬರೆದುಕೊಂಡವನು. ಗುಂಪಿನ ಹಿರಿಯರಿಗೆ ಹೀಗೆ ಹೇಳಿದರೆ ಬೇಗ ಮನಸ್ಸಿಗೆ ಇಳಿಯಬಹುದು. ಸತ್ತವರು ತಮ್ಮ ಮನೆಗೆ ಮರಳುವ ಸಂಭವವೆಷ್ಟೋ ಇವನದೂ ಹೆಚ್ಚುಕಡಿಮೆ ಅಷ್ಟೇ ಎಂಬ ಅರ್ಥದ ಮಾತು ಕಥೆಯಲ್ಲೂ ಇದೆ.

ವೈರಾಗ್ಯದ ವಿಚಾರ. ಮುನಿಯ ಬಾಳಿಗೂ ಇವನ ಬಾಳಿಗೂ ಯಾವ ಹೋಲಿಕೆಯೂ ಇಲ್ಲವೆಂದು ಕಥೆಯೇ ಹೇಳುವುದರಿಂದ ಆ ದಾರಿ ಹಿಡಿಯಬೇಡಿ. ನಮ್ಮಲ್ಲಿ ವಿಧಿವತ್ತಾಗಿ ಸನ್ಯಾಸ ಸ್ವೀಕರಿಸುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಮನೆಯ ಲೆಕ್ಕದಲ್ಲಿ ತಾನಿನ್ನು ಇಲ್ಲವೆಂದು ನಾಲ್ವರ ಎದುರಿಗೆ ಒಪ್ಪಿ, ಹೆಸರು ಬಿಟ್ಟು, ಬಟ್ಟೆ ಬದಲಿಸಿ ಹೊರಡುತ್ತಾನೆ. ಅವನ ಮನೆಯವರ ದುಃಖ ಸಣ್ಣದೆಂದು ನಾನು ಹೇಳುತ್ತಿಲ್ಲ, ಆದರೆ ಏನಾಯಿತೆಂಬುದು ಅವರಿಗೆ ಗೊತ್ತಿರುತ್ತದೆ. ವೇಕ್‌ಫೀಲ್ಡನೂ ಬಟ್ಟೆ ಬದಲಿಸಿದ, ಅದು ಗುರುತು ಸಿಗದಿರಲೆಂದು. ಬದುಕಿರುವವರ ನಡುವಿನ ಜಾಗವನ್ನು ಬಿಟ್ಟುಕೊಟ್ಟ, ಸತ್ತವರ ಸಾಲಿಗೂ ಸೇರಲಿಲ್ಲ. ಮನೆಯ ಮೇಲಿನ ಮಮತೆ ಅವನಲ್ಲಿ ಹಾಗೆಯೇ ಉಳಿದಿತ್ತು, ಆ ಮಮತೆಯಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ವೈರಾಗ್ಯದಲ್ಲಿ ಮಮತೆ ಹೋಗಿ ಮನುಷ್ಯ ಉಳಿಯುತ್ತಾನೆ, ಇಲ್ಲಿ ಮಮತೆ ಉಳಿದು ಮನುಷ್ಯ ಹೋಗಿದ್ದಾನೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಎರಡು ಬಾರಿ ಓದಿದೆ ಸರ್, ಬಹಳ ಉಪಕಾರವಾಯಿತು. ಆದರೂ ಈ ಕಥೆಯ ಮಾತು ಬಂದಾಗಲೆಲ್ಲ ನಾವು ಗಂಡನ ಮನಸ್ಸನ್ನೇ ಕೆದಕುತ್ತ ಕೂರುತ್ತೇವೆ, ಹೆಂಡತಿಯ ಕಡೆಗೆ ತಿರುಗುವುದೇ ಇಲ್ಲ. ಅವಳಿಗೆ ಕಥೆಯಲ್ಲಿ ಸ್ವಂತ ಹೆಸರೂ ಇಲ್ಲ, ಶ್ರೀಮತಿ ವೇಕ್‌ಫೀಲ್ಡ್ ಅಷ್ಟೇ. ಹಾಗಿದ್ದೂ ಕಥೆಯ ಅತ್ಯಂತ ಸೂಕ್ಷ್ಮವಾದ ವಾಕ್ಯಗಳು ಅವಳ ಕುರಿತಾಗಿಯೇ ಇವೆ.

ಬಾಗಿಲ ಸಂದಿಯ ಆ ನಗೆಯನ್ನು ನೋಡಿ. ಆ ಕ್ಷಣಕ್ಕೆ ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುತ್ತೈದೆಯಾಗಿ ಬಾಳಿದ್ದಕ್ಕಿಂತ ಹೆಚ್ಚು ವರ್ಷ ವಿಧವೆಯಾಗಿ ಕಳೆದ ಮೇಲೆ ಅದೇ ನಗೆ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಅವನನ್ನು ಶವಪೆಟ್ಟಿಗೆಯಲ್ಲಿ ಕಲ್ಪಿಸಿಕೊಂಡರೆ ಬಿಳಿಚಿದ ಮುಖದ ಮೇಲೆ ಅದೇ ನಗೆ ಹೆಪ್ಪುಗಟ್ಟಿರುತ್ತದೆ. ಸ್ವರ್ಗದಲ್ಲಿ ಕಂಡರೆ ಅಲ್ಲಿಯೂ ಅದೇ ಸದ್ದಿಲ್ಲದ, ಒಳಗೊಂದು ಗುಟ್ಟಿಟ್ಟುಕೊಂಡ ನಗೆ. ಊರೆಲ್ಲ ಅವನು ಸತ್ತನೆಂದು ಕೈಬಿಟ್ಟ ಮೇಲೂ, ತಾನು ನಿಜಕ್ಕೂ ವಿಧವೆಯೇ ಎಂಬ ಅನುಮಾನ ಆ ಒಂದು ನಗೆಯಿಂದಾಗಿ ಅವಳಿಗೆ ಆಗಾಗ ಬರುತ್ತದೆ. ಈ ವಾಕ್ಯ ಓದಿದ ದಿನ ನನಗೆ ಮುಂದೆ ಓದಲು ಆಗಲಿಲ್ಲ, ಕಾರಣ ಹೇಳುತ್ತೇನೆ.

ನಮ್ಮ ಅಜ್ಜನ ತಮ್ಮ ಯೌವನದಲ್ಲಿಯೇ ಮನೆ ಬಿಟ್ಟು ಹೋದವರು. ಸಂತೆಗೆಂದು ಹೊರಟವರು ಮರಳಲಿಲ್ಲ; ಪಕ್ಕದ ಬೀದಿಯೋ ಪಕ್ಕದ ದೇಶವೋ, ಇಂದಿಗೂ ತಿಳಿಯದು. ಚಿಕ್ಕಜ್ಜಿ ನಮ್ಮ ಮನೆಯಲ್ಲಿಯೇ ಉಳಿದರು. ಅವರು ಕುಂಕುಮ ಇಡಬೇಕೋ ಬೇಡವೋ ಎಂಬುದು ಪ್ರತಿ ಹಬ್ಬದಲ್ಲೂ ಏಳುವ ಪ್ರಶ್ನೆಯಾಗಿತ್ತಂತೆ. ಅರಿಶಿನ ಕುಂಕುಮಕ್ಕೆ ಕೆಲವರು ಕರೆಯುತ್ತಿದ್ದರು, ಕೆಲವರು ಕರೆಯದೆ ಉಳಿಯುತ್ತಿದ್ದರು, ಕರೆದಲ್ಲಿಗೆ ಹೋಗಲು ಅವರೇ ಹಿಂಜರಿಯುತ್ತಿದ್ದರು. ಹನ್ನೆರಡು ವರ್ಷವಾದ ಮೇಲೆ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ಮುಗಿಸಬಹುದೆಂದು ಪುರೋಹಿತರು ಹೇಳಿದಾಗ ಚಿಕ್ಕಜ್ಜಿ ಒಪ್ಪಲಿಲ್ಲ. ನಾನು ಕಂಡ ಅವರ ಮುಪ್ಪಿನ ಕಾಲದಲ್ಲಿ ಹಣೆಯ ಮೇಲಿನ ಬೊಟ್ಟು ಸಾಸಿವೆಯಷ್ಟಿತ್ತು, ಇದೆಯೋ ಇಲ್ಲವೋ ಎಂಬಂತೆ. ಪೆಟ್ಟಿಗೆಯಲ್ಲಿ ಒಂದು ಜೊತೆ ಪಂಚೆ, ಒಂದು ಕೋಟು ಇಟ್ಟಿದ್ದರು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿ ಇಡುತ್ತಿದ್ದರು.

ಅದಕ್ಕಾಗಿಯೇ ಕಥೆಯ ಕೊನೆಯಲ್ಲಿ ಬರುವ ಬೂದುಬಣ್ಣದ ಕೋಟು ನನ್ನನ್ನು ಕಲಕುತ್ತದೆ. ಮಳೆಯಲ್ಲಿ ನೆನೆದು ನಡುಗುತ್ತ ನಿಂತ ವೇಕ್‌ಫೀಲ್ಡ್, ಒಳಗೆ ಒಲೆಯ ಬೆಂಕಿ ಇದೆ, ಹೆಂಡತಿ ಓಡಿ ಹೋಗಿ ತನ್ನ ಕೋಟು ತಂದುಕೊಡುತ್ತಾಳೆ, ಅದನ್ನು ಅವಳು ಜೋಪಾನ ಮಾಡಿಯೇ ಇರುತ್ತಾಳೆ ಎಂದು ಎಣಿಸುತ್ತಾನೆ. ಇಪ್ಪತ್ತು ವರ್ಷ ಒಬ್ಬಳು ಹೆಂಗಸು ಏನನ್ನು ಅನುಭವಿಸಿದಳು ಎಂಬ ಯೋಚನೆ ಅಲ್ಲಿ ಇಲ್ಲ. ಆ ಹೊತ್ತಿನಲ್ಲಿ ಅವಳ ಮುಖವೂ ಅವನಿಗೆ ಕಾಣುವುದಿಲ್ಲ. ಮೇಲಿನ ಕೋಣೆಯ ಚಾವಣಿಯ ಮೇಲೆ, ಬೆಂಕಿಯ ಏರಿಳಿತಕ್ಕೆ ತಕ್ಕಂತೆ ಕುಣಿಯುವ ಅವಳ ನೆರಳು ಮಾತ್ರ ಕಾಣುತ್ತದೆ: ಟೋಪಿ, ಮೂಗು, ಗದ್ದ, ದಪ್ಪ ಸೊಂಟ. ವಯಸ್ಸಾದ ಹೆಂಗಸಿನ ನೆರಳನ್ನು ಹೀಗೆ ವಿಕಾರವಾಗಿ ಚಿತ್ರಿಸಿದ್ದು ನನಗೆ ಹಿಡಿಸದು. ಅವನ ಕಣ್ಣಿಗೆ ಅವಳು ಇಷ್ಟೇ ಆಗಿದ್ದಳು ಎಂದು ತೋರಿಸಲು ಹಾಥಾರ್ನ್ ಬೇಕೆಂದೇ ಹಾಗೆ ಬರೆದಿದ್ದರೆ ಅದು ಸರಿಯಾದ ಚಿತ್ರ.

ನಡುವೆ ಹತ್ತು ವರ್ಷಕ್ಕೆ ಒಂದು ಭೇಟಿ ಬರುತ್ತದೆ, ಅದನ್ನು ಬಿಡಬೇಡಿ. ಬೀದಿಯ ಜನಸಂದಣಿಯಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಕೈಗೆ ಕೈ ತಾಗುತ್ತದೆ, ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಾರೆ, ಜನರ ನೂಕು ಅವರನ್ನು ಬೇರೆ ಮಾಡುತ್ತದೆ. ಅವನು ಕೋಣೆಗೆ ಓಡಿ, ಅಗುಳಿ ಹಾಕಿ, ಹಾಸಿಗೆಯ ಮೇಲೆ ಬಿದ್ದು ‘ನಿನಗೆ ಹುಚ್ಚು ಹಿಡಿದಿದೆ’ ಎಂದು ತನ್ನ ಹೆಸರು ಹಿಡಿದು ಕೂಗಿಕೊಳ್ಳುತ್ತಾನೆ. ಎಲ್ಲರೂ ಮಾತಾಡುವುದು ಈ ಕೂಗಿನ ಬಗ್ಗೆ. ಅವಳು ಪ್ರಾರ್ಥನೆಯ ಪುಸ್ತಕ ಹಿಡಿದು ಚರ್ಚಿನ ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು, ಒಮ್ಮೆ ಬೀದಿಯತ್ತ ಗೊಂದಲದಿಂದ ತಿರುಗಿ ನೋಡಿ, ಪುಸ್ತಕ ತೆರೆಯುತ್ತ ಒಳಗೆ ಹೋಗುತ್ತಾಳೆ. ಅವಳಿಗೆ ಗುರುತು ಸಿಕ್ಕಿತೇ? ಚಿಕ್ಕಜ್ಜಿಯೂ ಜಾತ್ರೆಯಲ್ಲಿ ಯಾವುದಾದರೂ ಗಂಡಸಿನ ನಡಿಗೆ ಕಂಡು ಹಾಗೆ ನಿಂತುಬಿಡುತ್ತಿದ್ದರೆಂದು ನಮ್ಮ ಅಮ್ಮ ಹೇಳುತ್ತಿದ್ದರು.

ಮೂರನೆಯ ಉತ್ತರ

ಕಾರಣದ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದ ಬೆಳಕು ಬೀಳುತ್ತದೆ. ಹಳೆಯ ಪತ್ರಿಕೆಯೊಂದರಲ್ಲಿ ನಿಜವೆಂದು ಹೇಳಿದ್ದ ಸಂಗತಿಯನ್ನು ನೆನಪಿನಿಂದ ಹೇಳುತ್ತಿದ್ದೇನೆ ಎಂದೇ ನಿರೂಪಕನು ಕಥೆ ಆರಂಭಿಸುತ್ತಾನೆ. ಅಂಥ ಸಂಗತಿ ನಿಜವಾಗಿಯೂ ದಾಖಲಾಗಿದೆ. ಆಕ್ಸ್‌ಫರ್ಡಿನ ವಿದ್ವಾಂಸ ವಿಲಿಯಂ ಕಿಂಗ್ 18ನೆಯ ಶತಮಾನದಲ್ಲಿ ಬರೆದಿಟ್ಟು, ಅವನ ಕಾಲದ ನಂತರ 19ನೆಯ ಶತಮಾನದ ಮೊದಲ ಭಾಗದಲ್ಲಿ ಅಚ್ಚಾದ ನೆನಪುಗಳಲ್ಲಿ ಹೋವ್ ಎಂಬ ಲಂಡನ್ನಿನ ಸ್ಥಿತಿವಂತನ ವೃತ್ತಾಂತವಿದೆ. ಸುಮಾರು 1706ರಲ್ಲಿ ಅವನು ಕೆಲಸವಿದೆಯೆಂದು ಬೆಳಿಗ್ಗೆ ಮನೆಯಿಂದ ಹೊರಟು, ಮಧ್ಯಾಹ್ನ ಹಾಲೆಂಡಿಗೆ ಹೋಗಬೇಕಾಗಿದೆಯೆಂದು ಚೀಟಿ ಕಳಿಸಿ, ವೇಷ ಮರೆಸಿಕೊಂಡು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲೇ 17 ವರ್ಷ ಕಳೆದ. ಕೊನೆಯ ವರ್ಷಗಳಲ್ಲಿ ಹೆಂಡತಿಯ ಮನೆಯ ಎದುರಿನ ನೆರೆಯವನ ಗೆಳೆತನ ಬೆಳೆಸಿ, ಆ ಮನೆಯ ಕಿಟಕಿಯಿಂದ ಅವಳನ್ನು ನೋಡುತ್ತಿದ್ದ. ಮರಳಿ ಬಂದದ್ದು ಹೆಸರಿಲ್ಲದ ಒಂದು ಪತ್ರದ ಮೂಲಕ. ಸೇಂಟ್ ಜೇಮ್ಸ್ ಪಾರ್ಕಿನ ಬಳಿ ನಾಳೆ ಭೇಟಿಯಾಗೆಂದು ಬರೆದಿದ್ದ ಆ ಪತ್ರದ ಕೈಬರಹ ಮನೆಯವರಿಗೆ ಗುರುತು ಸಿಕ್ಕಿತು.

ಈ ವೃತ್ತಾಂತದಿಂದ ಹಾಥಾರ್ನ್ ಏನೇನನ್ನು ತೆಗೆದುಹಾಕಿದ ಎಂಬುದು ಮುಖ್ಯ. ಹೋವ್‌ಗೆ ಇಬ್ಬರು ಮಕ್ಕಳಿದ್ದರು, ತಂದೆ ಮರೆಯಾಗಿದ್ದ ವರ್ಷಗಳಲ್ಲಿ ಅವರಿಬ್ಬರೂ ತೀರಿಕೊಂಡರು. ವೇಕ್‌ಫೀಲ್ಡನ ಮನೆಯಲ್ಲಿ ಮಕ್ಕಳ ಮಾತೇ ಇಲ್ಲ. ಆಸ್ತಿಯ ಇತ್ಯರ್ಥಕ್ಕಾಗಿ ಹೋವ್‌ನ ಹೆಂಡತಿ ಪಾರ್ಲಿಮೆಂಟಿನವರೆಗೂ ಹೋಗಬೇಕಾಯಿತು, ಕಥೆಯಲ್ಲಿ ಅದು ಒಂದು ಪದಗುಚ್ಛದಲ್ಲಿ ಮುಗಿಯುತ್ತದೆ. ಪತ್ರವೂ ಇಲ್ಲ, ಪಾರ್ಕೂ ಇಲ್ಲ. ಕಾರಣವಾಗಿ ಹಿಡಿದುಕೊಳ್ಳಬಹುದಾದ ಪ್ರತಿಯೊಂದು ಕೊಂಬೆಯನ್ನೂ ಕಡಿದು, ಒಂದು ಮನೆ, ಒಂದು ಬಾಗಿಲು, ಒಂದು ಪಕ್ಕದ ಬೀದಿ ಇಷ್ಟನ್ನೇ ಉಳಿಸಿದ್ದಾನೆ. ಕಾರಣ ನಿಮಗೆ ಸಿಗದಿರುವುದು ನಿಮ್ಮ ಓದಿನ ಕೊರತೆಯಲ್ಲ.

ಇನ್ನೊಂದು ಸಂಗತಿ. ಈ ಕಥೆ ಬರೆದಾಗ ಹಾಥಾರ್ನ್ ಲಂಡನ್ ನೋಡಿರಲಿಲ್ಲ. ಇಂಗ್ಲೆಂಡಿಗೆ ಹೋದದ್ದು 1853ರಲ್ಲಿ, ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿ. 1825ರಲ್ಲಿ ಕಾಲೇಜು ಮುಗಿಸಿ ಅಮೆರಿಕದ ಸೇಲಂ ಊರಿನ ತಾಯಿಯ ಮನೆಗೆ ಮರಳಿದವನು, ಸುಮಾರು ಹನ್ನೆರಡು ವರ್ಷ ಹೆಚ್ಚಿನ ಕಾಲವನ್ನು ಮಹಡಿಯ ಕೋಣೆಯೊಂದರಲ್ಲಿ ಓದುತ್ತ ಬರೆಯುತ್ತ ಒಬ್ಬನೇ ಕಳೆದಿದ್ದ. ಆ ಕೋಣೆಯ ವರ್ಷಗಳಲ್ಲೇ ಈ ಕಥೆ ಹುಟ್ಟಿತು. 1837ರ ಜೂನ್‌ನಲ್ಲಿ ತನ್ನ ಸಹಪಾಠಿಯಾಗಿದ್ದ ಕವಿ ಲಾಂಗ್‌ಫೆಲೋಗೆ ಬರೆದ ಪತ್ರದಲ್ಲಿ, ತನ್ನನ್ನು ತಾನೇ ಸೆರೆಯಾಳಾಗಿಸಿಕೊಂಡು ಕತ್ತಲೆಕೋಣೆಗೆ ಹಾಕಿಕೊಂಡೆ, ಈಗ ಹೊರಬರಲು ಬೀಗದ ಕೈ ಸಿಗುತ್ತಿಲ್ಲ, ಬಾಗಿಲು ತೆರೆದಿದ್ದರೂ ಹೊರಗೆ ಬರಲು ಹೆದರಿಕೆಯಾದೀತು ಎಂಬ ಅರ್ಥದ ಮಾತನ್ನು ಹೇಳಿಕೊಂಡಿದ್ದಾನೆ. ಹಾಗೆ ಜನರಿಂದ ದೂರವಾಗಬೇಕೆಂದು ತಾನು ಎಂದೂ ಬಯಸಿರಲಿಲ್ಲ ಎಂದೂ ಬರೆದಿದ್ದಾನೆ. ವೇಕ್‌ಫೀಲ್ಡನೆಂದರೆ ಹಾಥಾರ್ನನೇ ಎಂದು ನಾನು ಹೇಳಲಾರೆ. ಆದರೆ ಬೀಗವಿಲ್ಲದ ಬಾಗಿಲೂ ತೆರೆಯಲಾರದಂತೆ ಆಗುವುದುಂಟು ಎಂಬುದನ್ನು ಅವನು ಪುಸ್ತಕದಿಂದ ಕಲಿತಿರಲಿಲ್ಲ. 1949ರಲ್ಲಿ ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಹಾಥಾರ್ನನ ಕುರಿತು ಉಪನ್ಯಾಸ ಕೊಡುವಾಗ ಈ ಕಥೆಯನ್ನು ಬಹಳವಾಗಿ ಮೆಚ್ಚಿ, ಕಾರಣ ತಿಳಿಯದೆ ಸಿಕ್ಕಿಕೊಂಡವರ ಕಥೆ ಬರೆದ ಕಾಫ್ಕಾನ ಲೋಕ ಇಲ್ಲಿ ಮೊದಲೇ ಕಾಣಿಸಿಕೊಂಡಿದೆ ಎಂದದ್ದು ಇದಕ್ಕೇ ಇರಬೇಕು.

ನೀತಿಯ ವಿಷಯದಲ್ಲಿ ನನಗೂ ತಕರಾರಿದೆ. ಮನುಷ್ಯರು ಒಂದು ವ್ಯವಸ್ಥೆಗೆ, ವ್ಯವಸ್ಥೆಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೊಂದಿಕೊಂಡಿವೆಯೆಂದರೆ, ಒಂದು ಕ್ಷಣ ಪಕ್ಕಕ್ಕೆ ಸರಿದವನು ತನ್ನ ಜಾಗವನ್ನು ಎಂದೆಂದಿಗೂ ಕಳೆದುಕೊಳ್ಳುವ ಭಯಂಕರ ಅಪಾಯವಿದೆ ಎಂಬುದು ಆ ಮಾತು. ಮೊದಲ ಪ್ಯಾರಾದಲ್ಲಿಯೇ, ಮರಳಿ ಬಂದವನು ಸಾಯುವವರೆಗೆ ಪ್ರೀತಿಯ ಗಂಡನಾಗಿ ಬಾಳಿದ ಎಂದು ಅದೇ ನಿರೂಪಕನು ಹೇಳಿಬಿಟ್ಟಿದ್ದಾನೆ. ಜಾಗ ಕಳೆದುಕೊಂಡವನಿಗೆ ಜಾಗ ಸಿಕ್ಕಿದ್ದು ಹೇಗೆ? ವೇಕ್‌ಫೀಲ್ಡ್ ಮೆಟ್ಟಿಲು ಹತ್ತುವಾಗ ನಿರೂಪಕನು ‘ಉಳಿದಿರುವ ಒಂದೇ ಮನೆಗೆ ಹೋಗುವೆಯಾ, ಹಾಗಾದರೆ ಸಮಾಧಿಗೆ ಇಳಿ’ ಎನ್ನುತ್ತಾನೆ. ಹೊಸ್ತಿಲು ದಾಟಿದ ಮೇಲೆ ನಾವು ಹಿಂಬಾಲಿಸುವುದು ಬೇಡ ಎಂದು ನಿಂತುಬಿಡುತ್ತಾನೆ. ಈ ಮೂರು ಮಾತುಗಳು ಒಂದಕ್ಕೊಂದು ಕೂಡುವುದಿಲ್ಲ, ಕೂಡಿಸುವ ಹಟ ನಮಗೆ ಬೇಡ. ಒಳಗೆ ಹೋಗುವಾಗ ಅವನ ಮುಖದ ಮೇಲೆ ಇಪ್ಪತ್ತು ವರ್ಷದ ಹಿಂದಿನ ಅದೇ ನಗೆ ಇದೆ. ಅವನು ಏನನ್ನೂ ಕಲಿತಿಲ್ಲವೆಂದು ಆ ನಗೆಯೇ ಹೇಳುತ್ತದೆ. ನೀತಿಯನ್ನು ಕಲಿಯಬೇಕಾದವನು ಕಲಿಯದೆ ಒಳಗೆ ಹೋಗುವುದನ್ನು ಕಂಡ ಮೇಲೆ, ನೀತಿಗಿಂತ ಆ ನಗೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ ಕೇಳಿದವರ ಮಾತು

ಮೂವರಿಗೂ ಕೃತಜ್ಞತೆಗಳು. ‘ಏಕೆ ಹೋದ’ ಎಂದು ಆರಂಭಿಸದೆ, ಮೆಟ್ಟಿಲಿನ ಮೇಲಿನ ಪಾದದ ಸದ್ದಿನಿಂದ ಕಥೆ ಹೇಳಲು ತೊಡಗಬೇಕೆಂದು ತೀರ್ಮಾನಿಸಿದ್ದೇನೆ. ಚಿಕ್ಕಜ್ಜಿಯ ವಿಷಯ ಬರೆದ ಅಕ್ಕನಿಗೆ ವಿಶೇಷವಾಗಿ ವಂದನೆ. ಸಾಸಿವೆಯಷ್ಟು ಬೊಟ್ಟಿನ ಮಾತನ್ನು ಓದಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತ ಹೆಂಗಸು ನನಗೆ ಬೇರೆಯಾಗಿಯೇ ಕಾಣುತ್ತಿದ್ದಾಳೆ.

ಒಂದು ತೊಡಕು ಉಳಿದಿದೆ. ಕಥೆಯ ಕಟ್ಟಕಡೆಯಲ್ಲಿ ವೇಕ್‌ಫೀಲ್ಡನಿಗೆ ಲೇಖಕನು ಕೊಡುವ ‘ಔಟ್‌ಕಾಸ್ಟ್ ಆಫ್ ದಿ ಯೂನಿವರ್ಸ್’ ಎಂಬ ಬಿರುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ವಿಶ್ವದಿಂದ ಬಹಿಷ್ಕೃತ’ ಎಂದು ಬರೆದುಕೊಂಡಿದ್ದೆ. ಗಟ್ಟಿಯಾಗಿ ಓದಿದರೆ ಯಾರೋ ಪಂಚಾಯಿತಿ ಸೇರಿಸಿ ಅವನನ್ನು ಊರಾಚೆ ಹಾಕಿದಂತೆ ಕೇಳಿಸುತ್ತದೆ.

ಮೊದಲ ಉತ್ತರ ಬರೆದವರ ಮಾತು

ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ ಮೇಡಂ. ಬಹಿಷ್ಕಾರವೆಂದರೆ ಹಾಕುವವರು ಇರಬೇಕು. ಇಲ್ಲಿ ಯಾರೂ ಇಲ್ಲ. ಲೇಖಕನು ಬೇರೊಂದು ಕಡೆ ಅವನು ಲೋಕದಿಂದ ತನ್ನನ್ನು ಬೇರ್ಪಡಿಸಿಕೊಂಡ ಎಂದು ಹೇಳಹೊರಟು, ಅಲ್ಲಿಯೇ ತಿದ್ದಿಕೊಂಡು, ಬೇರ್ಪಡುವುದು ಅವನಿಗೆ ಸಂಭವಿಸಿತು ಎನ್ನುತ್ತಾನೆ. ಇದನ್ನು ಹೇಳಲು ನಮ್ಮ ಭಾಷೆಯಲ್ಲಿ ಬಹಳ ಅನುಕೂಲವಿದೆ. ‘ಮನೆ ಬಿಟ್ಟ’ ಎಂದರೆ ಮಾಡಿದವನು ಅವನು. ‘ಮನೆ ಬಿಟ್ಟುಹೋಯಿತು’ ಎಂದರೆ ರೂಢಿ ಬಿಟ್ಟುಹೋದಂತೆ, ನಂಟು ಬಿಟ್ಟುಹೋದಂತೆ, ಯಾರೂ ಮಾಡದೆ ಆದದ್ದು. ಕಥೆಯ ಮೊದಲ ಅರ್ಧದಲ್ಲಿ ‘ಬಿಟ್ಟ’ ಎಂದೇ ಹೇಳಿ. ಕೆಂಚುಗೂದಲಿನ ಟೋಪನ್ ಕೊಂಡ ಮೇಲೆ ಸದ್ದಿಲ್ಲದೆ ‘ಬಿಟ್ಟುಹೋಯಿತು’ ಎಂಬುದಕ್ಕೆ ಹೊರಳಿಕೊಳ್ಳಿ. ಕೇಳುವವರಿಗೆ ವ್ಯತ್ಯಾಸ ತಾನಾಗಿ ತಟ್ಟುತ್ತದೆ.

ಬಿರುದಿಗೆ ನಾನು ತರಗತಿಯಲ್ಲಿ ಬಳಸುತ್ತಿದ್ದುದು ‘ಲೋಕದ ಪಂಕ್ತಿ ತಪ್ಪಿದವನು’ ಎಂದು. ಊಟದ ಪಂಕ್ತಿಯಲ್ಲಿ ಕೂತವನು ಯಾವುದೋ ನೆಪಕ್ಕೆ ಅರೆಗಳಿಗೆ ಎದ್ದರೂ ಅದೇ ಎಲೆಯ ಮುಂದೆ ಮತ್ತೆ ಕೂರುವ ಹಾಗಿರುವುದಿಲ್ಲ. ಯಾರೂ ಅವನನ್ನು ಗದರಿಸುವುದಿಲ್ಲ, ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ. ಒಂದು ಕ್ಷಣ ಪಕ್ಕಕ್ಕೆ ಸರಿಯುವುದು ಎಂಬ ಲೇಖಕನ ಮಾತಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಗಲಿಲ್ಲ. ನಿಮ್ಮ ಗುಂಪಿನ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ, ಅವರಿಗೆ ಬೇರೆ ಪದ ಹೊಳೆದರೆ ಇಲ್ಲಿ ಬರೆಯಿರಿ.